ನಿಂಬೆಹಣ್ಣು ಗಾಲಿಯ ಕೆಳಗಿರಲಿ, ಗಾಡಿಯ ಒಳಗಲ್ಲ!



ನಮ್ಮ ಕಡೆ ದನಗಳ ಜಾತ್ರೆಯಲ್ಲಿ ಎತ್ತು ಕೊಳ್ಳುವವರನ್ನು ನೀವು ನೋಡಿರಬಹುದು. ಬಾಯಿ ಬಿಡಿಸಿ ಹಲ್ಲು ನೋಡುತ್ತಾರೆ, ಸುಳಿ ನೋಡುತ್ತಾರೆ, ನಾಲ್ಕು ಹೆಜ್ಜೆ ನಡೆಸಿ ನೋಡುತ್ತಾರೆ. ಮಾರುವವನು ಸ್ವಂತ ಭಾವಮೈದುನನೇ ಆದರೂ ಹಲ್ಲು ನೋಡುವುದನ್ನು ಬಿಡುವುದಿಲ್ಲ. ಅದೇ ನಾವು ಅಮೆರಿಕದಲ್ಲಿ, "ಊರಿಗೆ ವಾಪಸ್ ಹೊರಟಿದ್ದೇವೆ, ಎಸ್‌ಯುವಿ ಮಾರಾಟಕ್ಕಿದೆ, ಎಕ್ಸಲೆಂಟ್ ಕಂಡೀಶನ್" ಎಂಬ ಈಮೈಲ್ ಬಂದ ಕೂಡಲೇ, "ನಮ್ಮ ಕನ್ನಡದವರೇ ತಾನೇ" ಎಂದು ಚೆಕ್ ಬರೆದುಬಿಡುತ್ತೇವೆ!

ಮಾರುವವರು ಒಳ್ಳೆಯವರೇ, ಅದರಲ್ಲಿ ಅನುಮಾನವಿಲ್ಲ. ಆದರೆ ಅವರಿಗೇ ಗೊತ್ತಿಲ್ಲದ ದೋಷವೊಂದು ಗಾಡಿಯಲ್ಲಿ ಕುಳಿತಿದ್ದರೆ? ಮನುಷ್ಯರ ಮೇಲಿನ ನಂಬಿಕೆ ಬೇರೆ, ಗಾಡಿಯ ತಪಾಸಣೆ ಬೇರೆ. ಇಷ್ಟನ್ನು ಹೇಳುವುದೇ ಈ ಲೇಖನದ ಉದ್ದೇಶ.

ಕಾಗದ ಎಲ್ಲಿಗೆ ಹೋಯಿತು?

ಗಾಡಿಯಲ್ಲಿ ಸುರಕ್ಷತೆಗೆ ಸಂಬಂಧಿಸಿದ ದೋಷ ಕಂಡುಬಂದರೆ ಕಂಪನಿ ಅದನ್ನು ಪುಕ್ಕಟೆಯಾಗಿ ಸರಿಮಾಡಿಕೊಡಬೇಕು. ಇದೇ ರೀಕಾಲ್. ಇದರ ಉಸ್ತುವಾರಿ ಎನ್‌ಎಚ್‌ಟಿಎಸ್‌ಎ ಎಂಬ ಕೇಂದ್ರ ಸರ್ಕಾರದ ಸಂಸ್ಥೆಯದು. ರೀಕಾಲ್ ಆದಾಗ ಕಂಪನಿ ಮಾಲೀಕರಿಗೆ ಅಂಚೆಯಲ್ಲಿ ಕಾಗದ ಕಳಿಸುತ್ತದೆ, ಆರ್‌ಟಿಓ ಥರದ ಇಲ್ಲಿನ ರಾಜ್ಯ ಕಚೇರಿಯ ದಾಖಲೆಯಲ್ಲಿರುವ ವಿಳಾಸಕ್ಕೆ.

ಇಲ್ಲೇ ನಮ್ಮವರಿಗೆ ತೊಂದರೆ. ನ್ಯೂಜೆರ್ಸಿಯ ಅಪಾರ್ಟ್‌ಮೆಂಟಿನಲ್ಲಿ ಕೊಂಡ ಗಾಡಿ ಪ್ರಾಜೆಕ್ಟ್ ಬದಲಾಗಿ ಟೆಕ್ಸಾಸ್‌ಗೆ ಹೋಗುತ್ತದೆ. ಅಲ್ಲಿ ಇನ್ನೊಬ್ಬ ಕನ್ನಡಿಗರ ಕೈಸೇರಿ ಕ್ಯಾಲಿಫೋರ್ನಿಯಾಗೆ ಬರುತ್ತದೆ. ಕಾಗದ ಮಾತ್ರ ಯಾವುದೋ ಹಳೆಯ ಅಂಚೆಪೆಟ್ಟಿಗೆಯಲ್ಲಿ, ಪಿಜ್ಜಾ ಕೂಪನ್ನುಗಳ ಮಧ್ಯೆ ಸೇರಿಕೊಂಡು ಕಸದ ಬುಟ್ಟಿ ಕಾಣುತ್ತದೆ.

"ಡೀಲರ್ ಹತ್ತಿರ ಕೊಂಡರೆ ಈ ಚಿಂತೆಯಿಲ್ಲ" ಅನ್ನುತ್ತೀರಾ? ಹೊಸ ಗಾಡಿಗಾದರೆ ಸರಿ. ರೀಕಾಲ್ ಬಾಕಿಯಿರುವ ಹೊಸ ಗಾಡಿಯನ್ನು ಮಾರುವಂತಿಲ್ಲ. 35ಕ್ಕಿಂತ ಹೆಚ್ಚು ಗಾಡಿಗಳಿರುವ ಬಾಡಿಗೆ ಕಂಪನಿಗಳೂ ಅಂಥವನ್ನು ಬಾಡಿಗೆಗೆ ಕೊಡುವಂತಿಲ್ಲ ಎಂಬ ಕಾನೂನು 2016ರಲ್ಲಿ ಜಾರಿಗೆ ಬಂತು. ಆದರೆ ಹಳೆಯ ಗಾಡಿ ಮಾರುವ ಡೀಲರ್, ರೀಕಾಲ್ ರಿಪೇರಿ ಮಾಡಿಸಿಯೇ ಮಾರಬೇಕು ಎಂಬ ಕೇಂದ್ರ ಕಾನೂನು ಇಲ್ಲ!

ಇದು ಪ್ರಾಣದ ಪ್ರಶ್ನೆ

ಟಕಾಟಾ ಏರ್‌ಬ್ಯಾಗ್ ಕಥೆ ನೋಡಿ. ಏರ್‌ಬ್ಯಾಗ್ ಉಬ್ಬಿಸಲು ಈ ಕಂಪನಿ ಅಮೋನಿಯಂ ನೈಟ್ರೇಟ್ ಬಳಸಿತು. ವರ್ಷಗಟ್ಟಲೆ ಸೆಕೆ ಮತ್ತು ತೇವ ತಗುಲಿ ಆ ರಾಸಾಯನಿಕ ಕೆಡುತ್ತದೆ. ಆಮೇಲೆ ಅಪಘಾತವಾದಾಗ ಅದು ಬೇಕಾದ್ದಕ್ಕಿಂತ ಜೋರಾಗಿ ಉರಿದು, ಲೋಹದ ಡಬ್ಬಿಯೇ ಒಡೆದು, ಚೂರುಗಳು ಮುಖ-ಕುತ್ತಿಗೆಗೆ ನುಗ್ಗುತ್ತವೆ. ಪ್ರಾಣ ಉಳಿಸಬೇಕಾದ ಚೀಲವೇ ಅಮೆರಿಕವೊಂದರಲ್ಲೇ 25ಕ್ಕೂ ಹೆಚ್ಚು ಜನರ ಪ್ರಾಣ ತೆಗೆದಿದೆ. ಇಲ್ಲಿ ಸುಮಾರು 6.7 ಕೋಟಿ ಏರ್‌ಬ್ಯಾಗ್‌ಗಳು ರೀಕಾಲ್ ಆದವು. ಅಮೆರಿಕದ ವಾಹನ ಇತಿಹಾಸದಲ್ಲೇ ಇದು ಅತಿ ದೊಡ್ಡ ರೀಕಾಲ್. 2002ರ ಹೊಂಡಾ ಸಿಆರ್‌ವಿ, 2003ರ ಹೊಂಡಾ ಪೈಲಟ್ ಸೇರಿದಂತೆ ಕೆಲವು ಮಾಡೆಲ್‌ಗಳಲ್ಲಿ, ಅಪಘಾತದಲ್ಲಿ ಚೀಲ ತೆರೆದರೆ ಡಬ್ಬಿ ಒಡೆಯುವ ಸಂಭವ ಶೇಕಡಾ 50ರವರೆಗೂ ಇದೆ ಎಂದು 2016ರಲ್ಲಿ ಎನ್‌ಎಚ್‌ಟಿಎಸ್‌ಎ ಎಚ್ಚರಿಸಿತು. ಈ ದೋಷ ಓಡಿಸಿ ನೋಡಿದರೆ ತಿಳಿಯುವುದಿಲ್ಲ, ಸದ್ದೂ ಮಾಡುವುದಿಲ್ಲ.

ಇನ್ನೊಂದು ಉದಾಹರಣೆ. ಬ್ರೇಕ್ ವ್ಯವಸ್ಥೆಯ ಒಂದು ಭಾಗದಲ್ಲಿ ದ್ರವ ಸೋರಿ, ವಿದ್ಯುತ್ ಶಾರ್ಟ್ ಆಗಿ ಬೆಂಕಿ ಹತ್ತಬಹುದೆಂದು 2023ರ ಸೆಪ್ಟೆಂಬರ್‌ನಲ್ಲಿ ಹ್ಯುಂಡೈ ಮತ್ತು ಕಿಯಾ ಸುಮಾರು 33 ಲಕ್ಷ ಗಾಡಿಗಳನ್ನು ರೀಕಾಲ್ ಮಾಡಿದವು. ಸಾಂಟಾ ಫೆ, ಸೊರೆಂಟೊ ಮುಂತಾದ ಎಸ್‌ಯುವಿಗಳೂ ಅದರಲ್ಲಿದ್ದವು. ರಿಪೇರಿ ಆಗುವವರೆಗೆ ಮನೆಯಿಂದ ದೂರ, ಬಯಲಿನಲ್ಲಿ ನಿಲ್ಲಿಸಿ ಎಂದೂ ಹೇಳಿದವು. ಎಂಜಿನ್ ಆಫ್ ಆಗಿದ್ದಾಗಲೂ ಬೆಂಕಿ ಹತ್ತಬಹುದು ಎಂಬುದೇ ಕಾರಣ. ಮೇಲೆ ಮಕ್ಕಳು ಮಲಗಿರುವ ಮನೆಯ ಗರಾಜಿನಲ್ಲಿ ಅಂಥ ಗಾಡಿ ನಿಂತಿದ್ದರೆ?

ಐದೇ ನಿಮಿಷದ ಕೆಲಸ

ಡ್ಯಾಶ್‌ಬೋರ್ಡ್ ಮೇಲೆ, ಡ್ರೈವರ್ ಕಡೆಯ ಗಾಜಿನ ಮೂಲೆಯಲ್ಲಿ 17 ಅಕ್ಷರ-ಅಂಕಿಗಳ ವಿಐಎನ್ ಇರುತ್ತದೆ. ಡ್ರೈವರ್ ಬಾಗಿಲಿನ ಪಕ್ಕದ ಲೇಬಲ್ ಮೇಲೂ ಸಿಗುತ್ತದೆ. ಅದರಲ್ಲಿ ಇಂಗ್ಲಿಷಿನ ಐ, ಓ, ಕ್ಯೂ ಅಕ್ಷರಗಳು ಬರುವುದೇ ಇಲ್ಲ, ಸೊನ್ನೆ ಕಂಡರೆ ಅದು ಸೊನ್ನೆಯೇ. ಎನ್‌ಎಚ್‌ಟಿಎಸ್‌ಎ ವೆಬ್‌ಸೈಟಿನ ರೀಕಾಲ್ ಪುಟದಲ್ಲಿ ಇದನ್ನು ಹಾಕಿದರೆ, ಆ ಗಾಡಿಗೇ ಬಾಕಿಯಿರುವ ರೀಕಾಲ್‌ಗಳು ಕಾಣುತ್ತವೆ. ದುಡ್ಡಿಲ್ಲ, ಲಾಗಿನ್ ಇಲ್ಲ.

ಬಾಕಿ ಇದ್ದರೆ ಆ ಬ್ರ್ಯಾಂಡಿನ ಯಾವ ಡೀಲರ್ ಬಳಿಯಾದರೂ ಒಯ್ಯಿರಿ. ನೀವು ಮೂರನೆಯ ಮಾಲೀಕರಾದರೂ ಹಕ್ಕು ನಿಮ್ಮದೇ. ರೀಕಾಲ್ ಹೊರಟಾಗ ಗಾಡಿ ಮೊದಲ ಸಲ ಮಾರಾಟವಾಗಿ 15 ವರ್ಷ ದಾಟಿರದಿದ್ದರೆ ಪುಕ್ಕಟೆ ರಿಪೇರಿ ಕಂಪನಿಯ ಹೊಣೆ.

ರೀಕಾಲ್ ಇಲ್ಲದ ಕಾಯಿಲೆಗಳು

ವಿಐಎನ್ ಹಾಕಿ "ರೀಕಾಲ್ ಬಾಕಿಯಿಲ್ಲ" ಎಂದು ಬಂದರೆ ಗಾಡಿ ಗಟ್ಟಿ ಎಂದು ಅರ್ಥವಲ್ಲ. ಉದಾಹರಣೆಗೆ, 2005ರಿಂದ 2010ರವರೆಗಿನ ನಿಸ್ಸಾನ್ ಪಾತ್‌ಫೈಂಡರ್‌ಗಳಲ್ಲಿ ರೇಡಿಯೇಟರ್ ಒಳಗೆ ಬಿರುಕು ಬಿಟ್ಟು, ಕೂಲಂಟ್ ಹೋಗಿ ಟ್ರಾನ್ಸ್‌ಮಿಷನ್ ಎಣ್ಣೆಗೆ ಬೆರೆಯುತ್ತಿತ್ತು. ಎಣ್ಣೆ ಸ್ಟ್ರಾಬೆರಿ ಮಿಲ್ಕ್‌ಶೇಕ್ ಬಣ್ಣಕ್ಕೆ ತಿರುಗಿದರೆ ಟ್ರಾನ್ಸ್‌ಮಿಷನ್ ಕಥೆ ಮುಗಿದಂತೆ. ಇದಕ್ಕೆ ರೀಕಾಲ್ ಆಗಲಿಲ್ಲ. ವಾರಂಟಿ ವಿಸ್ತರಣೆ, ಕೋರ್ಟ್ ಒಪ್ಪಂದಗಳಲ್ಲೇ ಮುಗಿಯಿತು.

ಆದ್ದರಿಂದ ಕೊಳ್ಳುವ ಮೊದಲು ಇಷ್ಟು ಮಾಡಿ:

- ಬೆಳಿಗ್ಗೆ ಎಂಜಿನ್ ತಣ್ಣಗಿದ್ದಾಗಲೇ ಹೋಗಿ ಸ್ಟಾರ್ಟ್ ಮಾಡಿಸಿ. ಗಡಗಡ ಸದ್ದು, ನೀಲಿ ಹೊಗೆ ಕಂಡರೆ ಹುಷಾರ್. ಬಿಸಿಯಾದ ಎಂಜಿನ್ ಎಷ್ಟೋ ಗುಟ್ಟು ಮುಚ್ಚಿಡುತ್ತದೆ.
- ಟೈಮಿಂಗ್ ಬೆಲ್ಟ್ ಇರುವ ಎಂಜಿನ್ನಾದರೆ (ಹಳೆಯ ಪೈಲಟ್‌ನ ವಿ6ನಂತೆ) ಬದಲಿಸಿದ ರಸೀದಿ ಕೇಳಿ. ಸುಮಾರು 1 ಲಕ್ಷ ಮೈಲಿಗೆ ಅದನ್ನು ಬದಲಿಸಬೇಕು. ಓಡುವಾಗ ತುಂಡಾದರೆ ಎಂಜಿನ್ನೇ ಹಾಳು.
- ಖಾಲಿ ಪಾರ್ಕಿಂಗ್ ಲಾಟಿನಲ್ಲಿ ಸ್ಟೀರಿಂಗ್ ಪೂರ್ತಿ ತಿರುಗಿಸಿ ನಿಧಾನವಾಗಿ ಸುತ್ತಿ. ಟಕಟಕ ಸದ್ದು ಬಂದರೆ ಸಿವಿ ಜಾಯಿಂಟ್ ಸವೆದಿರಬಹುದು.
- ಟೈರ್ ಮೇಲೆ ಡಿಒಟಿ ಎಂದಿರುವ ಸಾಲಿನ ಕೊನೆಯ 4 ಅಂಕಿ ನೋಡಿ. 2318 ಎಂದಿದ್ದರೆ ಅದು 2018ರ 23ನೇ ವಾರದ ಟೈರ್. ಆಲ್ ವೀಲ್ ಡ್ರೈವ್ ಗಾಡಿಗೆ ನಾಲ್ಕೂ ಟೈರ್ ಒಂದೇ ಸಮ ಸವೆದಿರಬೇಕು.
- ಕೊನೆಗೆ, ನಿಮಗೆ ಬೇಕಾದ ಮೆಕ್ಯಾನಿಕ್ ಹತ್ತಿರ ತೋರಿಸಿ. ನೂರಿನ್ನೂರು ಡಾಲರ್ ಉಳಿಸಲು ಹೋಗಿ ಸಾವಿರಾರು ಡಾಲರ್ ಕಳೆಯಬೇಡಿ.

"ತಪಾಸಣೆ ಅಂದರೆ ಅವರು ಬೇಜಾರು ಮಾಡಿಕೊಂಡರೆ?" ಎಂಬ ಸಂಕೋಚ ಬೇಡ. ಅಂಥ ಸಂಕೋಚವನ್ನು ಮಾರುವವರೇ ನಿವಾರಿಸಬಹುದು. ಮಾರಾಟದ ಈಮೈಲ್‌ನಲ್ಲಿ "ರೀಕಾಲ್ ಎಲ್ಲ ಮಾಡಿಸಿದ್ದೇವೆ, ರಸೀದಿಗಳಿವೆ" ಎಂಬ ಒಂದು ಸಾಲು ಬರೆದರೆ ಸಾಕು. ಕೊಂಡವರು ತಮ್ಮ ಹೆಸರು, ವಿಳಾಸವನ್ನು ಕಂಪನಿಗೂ ತಿಳಿಸಿದರೆ ಮುಂದಿನ ಕಾಗದ ಸರಿಯಾದ ಮನೆಗೆ ಬರುತ್ತದೆ.

ಆಯುಧಪೂಜೆಗೆ ಗಾಲಿಯ ಕೆಳಗೆ ನಿಂಬೆಹಣ್ಣು ಇಡುತ್ತೇವೆ. ಅಮೆರಿಕದವರು ಪದೇ ಪದೇ ಕೆಡುವ ಗಾಡಿಗೇ "ಲೆಮನ್" ಅನ್ನುತ್ತಾರೆ! ಪೂಜೆಗೆ ಕಾಯದೆ ಈ ವಾರಾಂತ್ಯವೇ ನಿಮ್ಮ ಗಾಡಿಯ ವಿಐಎನ್ ಹಾಕಿ ನೋಡಿ. ಇತ್ತೀಚೆಗೆ ಯಾರಿಗಾದರೂ ಗಾಡಿ ಮಾರಿದ್ದರೆ ಅವರಿಗೂ ಒಂದು ಫೋನ್ ಮಾಡಿ.

ಎಲ್ಲರಿಗೂ ಶುಭ ಪ್ರಯಾಣ!