ವಾಸಿಯಾಗದ ಸೈನಸ್: ಶಿಲೀಂಧ್ರವೂ ಕಾರಣವಿರಬಹುದು

ಮೂಗು ಕಟ್ಟಿ ಕೆನ್ನೆ ಭಾರವಾದರೆ ನಾವು ಹಬೆ ತೆಗೆದುಕೊಳ್ಳುತ್ತೇವೆ, ಹಳೆಯ ಚೀಟಿಯ ಆಂಟಿಬಯಾಟಿಕ್ ನುಂಗುತ್ತೇವೆ. ಆದರೆ ಆಂಟಿಬಯಾಟಿಕ್ ಬ್ಯಾಕ್ಟೀರಿಯಾವನ್ನು ಕೊಲ್ಲುತ್ತದೆಯೇ ಹೊರತು ಶಿಲೀಂಧ್ರವನ್ನಲ್ಲ.

ತೊಂದರೆ 12 ವಾರ ದಾಟಿದರೆ ಅದು ದೀರ್ಘಕಾಲದ ಸೈನಸೈಟಿಸ್. ಇಂಥವೆಲ್ಲವೂ ಶಿಲೀಂಧ್ರದಿಂದ ಬರುವುದಿಲ್ಲ. ಆದರೆ ಕೆಲವು ಸುಳಿವುಗಳಿವೆ. ಒಂದೇ ಬದಿಯಲ್ಲಿ ನೋವು, ದುರ್ವಾಸನೆಯ ಸ್ರಾವ ಇದ್ದರೆ ಸೈನಸ್‌ನೊಳಗೆ ಶಿಲೀಂಧ್ರದ ಉಂಡೆ ಕಟ್ಟಿರಬಹುದು. ಮೂಗಿನಲ್ಲಿ ಪಾಲಿಪ್, ಅಂಟಂಟಾದ ಗಟ್ಟಿ ಲೋಳೆ, ವಾಸನೆ ತಿಳಿಯದಿರುವುದು ಶಿಲೀಂಧ್ರದ ಅಲರ್ಜಿಯ ಲಕ್ಷಣಗಳಾಗಿರಬಹುದು.

ಪತ್ತೆ ಹೇಗೆ? ಇಎನ್‌ಟಿ ವೈದ್ಯರು ಎಂಡೋಸ್ಕೋಪ್‌ನಿಂದ ಮೂಗಿನೊಳಗೆ ನೋಡುತ್ತಾರೆ, ಸಿಟಿ ಸ್ಕ್ಯಾನ್ ಮಾಡಿಸುತ್ತಾರೆ. ನಾವು ಉಸಿರಾಡುವ ಗಾಳಿಯಲ್ಲೇ ಶಿಲೀಂಧ್ರದ ಬೀಜಕಗಳಿರುವುದರಿಂದ ಲೋಳೆಯಲ್ಲಿ ಅದು ಸಿಕ್ಕಮಾತ್ರಕ್ಕೆ ರೋಗವೆನ್ನಲಾಗದು. ಅದು ಅಂಗಾಂಶದೊಳಗೆ ನುಗ್ಗಿದೆಯೇ ಎಂಬುದನ್ನು ಬಯಾಪ್ಸಿ ಹೇಳುತ್ತದೆ.

ಈ ವ್ಯತ್ಯಾಸ ಮುಖ್ಯ. ಉಂಡೆಯನ್ನು ಶಸ್ತ್ರಚಿಕಿತ್ಸೆಯಿಂದ ತೆಗೆದರೆ ಸಾಮಾನ್ಯವಾಗಿ ಸಾಕು. ಅಲರ್ಜಿಗೆ ಶಸ್ತ್ರಚಿಕಿತ್ಸೆಯ ಜೊತೆ ಸ್ಟೀರಾಯ್ಡ್ ಬೇಕಾಗುತ್ತದೆ. ಆದರೆ ಅಂಗಾಂಶಕ್ಕೆ ನುಗ್ಗಿದ ಸೋಂಕನ್ನು ಅದೇ ಸ್ಟೀರಾಯ್ಡ್ ಉಲ್ಬಣಗೊಳಿಸಬಹುದು. ಹಾಗಾಗಿ ಪರೀಕ್ಷೆಯಿಲ್ಲದೆ ಸ್ಟೀರಾಯ್ಡ್ ಮಾತ್ರೆ ನುಂಗಬಾರದು.

ಮಧುಮೇಹಿಗಳು, ರೋಗನಿರೋಧಕ ಶಕ್ತಿ ಕುಗ್ಗಿದವರು ಇನ್ನಷ್ಟು ಎಚ್ಚರವಾಗಿರಬೇಕು. ಕಣ್ಣಿನ ಸುತ್ತ ಊತ, ಎರಡೆರಡಾಗಿ ಕಾಣುವುದು, ಮೂಗು ಅಥವಾ ಅಂಗುಳಿನಲ್ಲಿ ಕಪ್ಪು ಕಲೆ ಕಂಡರೆ ನಾಳೆಗೆ ಕಾಯದೆ ಅಂದೇ ಆಸ್ಪತ್ರೆಗೆ ಹೋಗಬೇಕು. 2021ರಲ್ಲಿ ಕೋವಿಡ್ ಬೆನ್ನಿಗೇ ಬಂದ 'ಕಪ್ಪು ಶಿಲೀಂಧ್ರ' ನಮಗೆ ಕಲಿಸಿದ ಪಾಠವೂ ಇದೇ.