ಟಕ ಟಕ ಎನ್ನುವ ಸೆಲ್ಫು, ವೈಜಾಗಿನ ಉಪ್ಪುಗಾಳಿ

ವಿಶಾಖಪಟ್ಟಣದಲ್ಲಿ ಕೆಲಸದಲ್ಲಿರುವ ಓದುಗರೊಬ್ಬರು ಬರೆದಿದ್ದಾರೆ: ‘ನಮ್ಮದು ಹಳೆಯ ಡೀಸೆಲ್ ಎಸ್‌ಯುವಿ. ಬೆಳಿಗ್ಗೆ ಕೀ ತಿರುಗಿಸಿದರೆ ಟಕ ಟಕ ಟಕ ಅನ್ನುತ್ತದೆ, ಇಂಜಿನ್ ತಿರುಗುವುದಿಲ್ಲ. ಮೊನ್ನೆ ವಿಜಯವಾಡಕ್ಕೆ ಹೋಗಿದ್ದಾಗ, ಊಟಕ್ಕೆ ನಿಲ್ಲಿಸಿ ಬಂದು ನೋಡಿದರೆ ಅದೇ ಗೋಳು. ಹಾರ್ನ್ ಜೋರಾಗಿದೆ, ಹೆಡ್‌ಲೈಟ್ ಉರಿಯುತ್ತದೆ, ಅಂದಮೇಲೆ ಬ್ಯಾಟರಿ ಸರಿಯಿದೆ. ಮನೆಯಲ್ಲಿ ದೃಷ್ಟಿ ಅನ್ನುತ್ತಾರೆ, ಮೆಕ್ಯಾನಿಕ್ ಹೀಟರ್ ಪ್ಲಗ್ ಅನ್ನುತ್ತಾನೆ. ಯಾರ ಮಾತು ಕೇಳಲಿ?’

ಇಬ್ಬರದೂ ಬೇಡ, ಆ ಟಕ ಟಕ ಸದ್ದನ್ನೇ ಕೇಳಿ. ಡೀಸೆಲ್ ಹೊತ್ತಿಕೊಳ್ಳಲು ಕಾವು ಕೊಡುವ ಹೀಟರ್ ಪ್ಲಗ್ಗಿಗೆ ಈ ರಗಳೆಯಲ್ಲಿ ಪಾತ್ರವೇ ಇಲ್ಲ. ಇಂಜಿನ್ ತಿರುಗುತ್ತಿದ್ದೂ ಹೊತ್ತಿಕೊಳ್ಳದಿದ್ದರೆ ಅದರ ಮೇಲೆ ಅನುಮಾನ ಪಡಬಹುದು. ತಿರುಗಲೇ ಒಲ್ಲದ ಇಂಜಿನ್ನಿಗೆ ಅದನ್ನು ಬದಲಿಸುವುದು ದುಡ್ಡು ದಂಡ.

ಇಂಜಿನ್ನನ್ನು ತಿರುಗಿಸಿ ಶುರುಮಾಡುವ ಸೆಲ್ಫ್ ಮೋಟಾರಿನ ಬೆನ್ನ ಮೇಲೆ ಗಿಡ್ಡ ಡಬ್ಬಿಯೊಂದು ಕೂತಿರುತ್ತದೆ. ಅದೇ ಸಾಲಿನಾಯ್ಡ್, ಅಂದರೆ ತಂತಿ ಸುತ್ತಿದ ವಿದ್ಯುತ್ಕಾಂತ. ಕೀ ತಿರುಗಿಸಿದೊಡನೆ ಅದು ತನ್ನೊಳಗಿನ ಕಬ್ಬಿಣದ ದಿಂಡನ್ನು ಎಳೆದುಕೊಳ್ಳುತ್ತದೆ. ದಿಂಡು ಸೆಲ್ಫಿನ ಪುಟ್ಟ ಹಲ್ಲುಗಾಲಿಯನ್ನು ಮುಂದೆ ದೂಡಿ ಇಂಜಿನ್ನಿನ ಫ್ಲೈವೀಲ್ ಹಲ್ಲಿಗೆ ಸೇರಿಸುತ್ತದೆ. ಓಟದ ಕೊನೆಗೆ ಎರಡು ದಪ್ಪ ತಾಮ್ರದ ತುಂಡುಗಳನ್ನು ಕೂಡಿಸಿ ಮೋಟಾರಿಗೆ ಕರೆಂಟು ಬಿಡುತ್ತದೆ. ಬ್ಯಾಟರಿಯಿಂದ ಕರೆಂಟು ಸಲೀಸಾಗಿ ಬರುತ್ತಿದ್ದರೆ ಇಂಜಿನ್ ತಿರುಗುತ್ತದೆ. ಬರದಿದ್ದರೆ? ಮೋಟಾರು ಬಾಯಿ ತೆರೆದೊಡನೆ ವೋಲ್ಟೇಜು ಧೊಪ್ಪನೆ ಬೀಳುತ್ತದೆ. ಸಾಲಿನಾಯ್ಡಿಗೂ ಶಕ್ತಿ ಸಾಲದೆ ಹಿಡಿತ ಬಿಡುತ್ತದೆ, ಸ್ಪ್ರಿಂಗು ದಿಂಡನ್ನು ಹಿಂದಕ್ಕೆ ತಳ್ಳುತ್ತದೆ, ಮೋಟಾರಿನ ಸಂಪರ್ಕ ಕಡಿಯುತ್ತದೆ. ಹೊರೆ ಇಳಿದದ್ದೇ ವೋಲ್ಟೇಜು ಮತ್ತೆ ಏರುತ್ತದೆ, ಸಾಲಿನಾಯ್ಡ್ ಮತ್ತೆ ಎಳೆಯುತ್ತದೆ. ಸೆಕೆಂಡಿಗೆ ಹಲವು ಸಲ ಇದೇ ಎಳೆದಾಟ. ಹೈಸ್ಕೂಲಿನ ಪ್ರಯೋಗಾಲಯದಲ್ಲಿ ನೋಡಿದ ವಿದ್ಯುತ್ ಗಂಟೆಯ ತತ್ವವೂ ಇದೇ. ನಿಮ್ಮ ಬಾನೆಟ್ಟಿನ ಕೆಳಗೆ ಅದು ಯಾರೂ ಕೇಳದೆ ತಾನಾಗಿ ತಯಾರಾಗಿದೆ, ಅಷ್ಟೆ! ಟಕ್ ಎಂದು ಒಂದೇ ಸಲ ಸದ್ದು ಮಾಡಿ ಸುಮ್ಮನಾದರೆ ಕಥೆ ಬೇರೆ: ಆ ತಾಮ್ರದ ತುಂಡುಗಳು ಸುಟ್ಟಿರಬಹುದು, ಮೋಟಾರಿನ ಕಾರ್ಬನ್ ಬ್ರಶ್ ಸವೆದಿರಬಹುದು.

ಇನ್ನು ಹಾರ್ನಿನ ವಿಚಾರ. ‘ಹಾರ್ನ್ ಹೊಡೆಯುತ್ತೆ, ಬ್ಯಾಟರಿ ಸರಿಯಿದೆ’ ಎಂಬ ವೇದವಾಕ್ಯ ಕೇಳಿದಾಗಲೆಲ್ಲ ನನಗೆ ಮೈ ಉರಿಯುತ್ತದೆ. ಹಾರ್ನ್ ಎಳೆಯುವುದು ಸುಮಾರು 5 ಆಂಪಿಯರ್. ಡೀಸೆಲ್ ಎಸ್‌ಯುವಿಯ ಸೆಲ್ಫ್ ಕೇಳುವುದು 200, ಶುರುವಾಗುವ ಗಳಿಗೆಯಲ್ಲಿ ಇನ್ನೂ ಹೆಚ್ಚು. ಅಮೆರಿಕದ ಚಾರ್ಲ್ಸ್ ಕೆಟರಿಂಗ್ ತಯಾರಿಸಿದ ಸೆಲ್ಫ್ 1912ರ ಮಾದರಿಯ ಕ್ಯಾಡಿಲಾಕ್ ಕಾರಿಗೆ ಬಂದಾಗ ಅದರ ಜಾಣ್ಮೆ ಇದ್ದದ್ದೇ ಇಲ್ಲಿ: ಮೋಟಾರು ದುಡಿಯಬೇಕಾದದ್ದು ಕೆಲವೇ ಸೆಕೆಂಡು, ಆದ್ದರಿಂದ ಪುಟ್ಟ ಮೋಟಾರಿಗೂ ಅದರ ಯೋಗ್ಯತೆ ಮೀರಿ ಕರೆಂಟು ಉಣಿಸಬಹುದು. ಈಗ ಬ್ಯಾಟರಿಯಿಂದ ಸೆಲ್ಫಿಗೆ ಹೋಗುವ ದಾರಿಯಲ್ಲಿ ಎಲ್ಲೋ 0.02 ಓಮ್‌ನಷ್ಟು ತಡೆ ಸೇರಿಕೊಂಡಿದೆ ಎನ್ನಿ. 5 ಆಂಪಿಯರ್ ಹರಿದಾಗ ಅಲ್ಲಿ ಸೋರುವುದು 0.1 ವೋಲ್ಟ್, ಯಾರಿಗೂ ಗೊತ್ತಾಗದು. 200 ಆಂಪಿಯರ್ ಹರಿದಾಗ 4 ವೋಲ್ಟ್! 12 ವೋಲ್ಟಿನ ಗಾಡಿಯಲ್ಲಿ ಮೂರನೇ ಒಂದು ಭಾಗ ದಾರಿಯಲ್ಲೇ ಖರ್ಚಾದರೆ ಇಂಜಿನ್ ಏನು ತಿರುಗೀತು?

ಆ ತಡೆ ಬಂದದ್ದೆಲ್ಲಿಂದ? ವೈಜಾಗಿನಲ್ಲಾದರೆ ನಾನು ಮೊದಲು ಬೊಟ್ಟು ಮಾಡುವುದು ಸಮುದ್ರದ ಕಡೆಗೆ. ಅಲೆ ಒಡೆಯುವಾಗ ಏಳುವ ಗುಳ್ಳೆಗಳು ಸಿಡಿದು ಉಪ್ಪುನೀರಿನ ಕಣಗಳನ್ನು ಗಾಳಿಗೆ ಎರಚುತ್ತವೆ. ಬೀಚ್ ರೋಡಿನ ಆಸುಪಾಸಿನಲ್ಲಿ ನಿಂತ ಗಾಡಿಯ ಲೋಹದ ಮೇಲೆಲ್ಲ ಅವು ಕೂರುತ್ತವೆ. ಅಡುಗೆ ಉಪ್ಪು ಗಾಳಿಯಲ್ಲಿ ಸುಮಾರು ಶೇಕಡ 75ರಷ್ಟು ತೇವವಿದ್ದರೆ ತಾನೇ ನೀರಾಗುತ್ತದೆ. ಸಮುದ್ರದ ಉಪ್ಪಿನಲ್ಲಿ ಬೆರೆತಿರುವ ಮೆಗ್ನೀಸಿಯಂ ಕ್ಲೋರೈಡಿಗೆ ಶೇಕಡ 33 ಸಾಕು. ಕರಾವಳಿಯಲ್ಲಿ ಗಾಳಿ ಅದಕ್ಕಿಂತ ಒಣಗುವುದು ಅಪರೂಪ. ಅಂದರೆ ಮಳೆ ಬರಲಿ ಬಿಡಲಿ, ನಿಮ್ಮ ಬ್ಯಾಟರಿ ಟರ್ಮಿನಲ್ಲಿಗೂ ಬ್ಯಾಟರಿಯ ಮೈನಸ್ಸನ್ನು ಇಂಜಿನ್ನಿಗೆ ಜೋಡಿಸುವ ಅರ್ತ್ ಪಟ್ಟಿಗೂ ಕಣ್ಣಿಗೆ ಕಾಣದ ಉಪ್ಪುನೀರಿನ ಪೊರೆ ಸದಾ ಅಂಟಿಕೊಂಡೇ ಇರುತ್ತದೆ. ಹೆಣೆದ ತಾಮ್ರದ ಪಟ್ಟಿ, ಅದನ್ನು ಬಿಗಿದ ಉಕ್ಕಿನ ಬೋಲ್ಟು, ನಡುವೆ ಉಪ್ಪುನೀರು: ಬೇಡದ ಜಾಗದಲ್ಲಿ ಇನ್ನೊಂದು ಪುಟ್ಟ ಬ್ಯಾಟರಿ ರೆಡಿ! ಹಸಿರು ಪುಡಿ, ಕೆಂಪು ತುಕ್ಕು ಎರಡೂ ಅದರ ಕೊಡುಗೆ. ಇದೇ ಬೀಚಿನಲ್ಲಿ 2002ರಿಂದ ವಸ್ತುಸಂಗ್ರಹಾಲಯವಾಗಿ ನಿಂತಿರುವ ಕುರ್ಸುರಾ ಜಲಾಂತರ್ಗಾಮಿಯ ಉಕ್ಕಿನ ಮೈ ಸವರಿಕೊಂಡು ಹೋಗುವುದೂ ಈ ಗಾಳಿಯೇ.

ವಿಜಯವಾಡದಲ್ಲಿ ಸೇರಿಕೊಂಡದ್ದು ಶಾಖ. ಓಡುತ್ತಿದ್ದ ಗಾಡಿಯನ್ನು ನಿಲ್ಲಿಸಿದರೆ ಬಾನೆಟ್ ಒಳಗೆ ತಣ್ಣಗಾಗುತ್ತದೆ ಎಂದುಕೊಳ್ಳುತ್ತೇವೆ. ಆಗುವುದು ತಿರುಗುಮುರುಗು. ಗಾಳಿ ನಿಲ್ಲುತ್ತದೆ, ಕೂಲೆಂಟ್ ನಿಲ್ಲುತ್ತದೆ, ಇಂಜಿನ್ನಿನ ಕಾವೆಲ್ಲ ಸುತ್ತಲಿನ ಸಾಮಾನಿಗೆ ಏರುತ್ತದೆ. 20 ಡಿಗ್ರಿಯಿಂದ 100 ಡಿಗ್ರಿಗೆ ಏರಿದ ತಾಮ್ರದ ತಂತಿಯ ತಡೆ ಸುಮಾರು ಶೇಕಡ 30ರಷ್ಟು ಹೆಚ್ಚುತ್ತದೆ. ಮೊದಲೇ ಏದುಸಿರು ಬಿಡುತ್ತಿದ್ದ ಸೆಲ್ಫಿಗೆ ಊಟದ ಹೊತ್ತಿನ ಬಿಡುವು ಮುಳುವಾಯಿತು. ಬ್ಯಾಟರಿಗೂ ಶಾಖವೇ ಶತ್ರು: ಒಳಗಿನ ಸೀಸದ ಜಾಲರಿ ಬೇಗ ಸವೆಯುತ್ತದೆ, ನೀರು ಆರುತ್ತದೆ. ಮೇ ತಿಂಗಳಲ್ಲಿ ಪೆಟ್ಟು ತಿಂದ ಬ್ಯಾಟರಿ ಡಿಸೆಂಬರಿನ ಬೆಳಗಿನಲ್ಲಿ ಕೈಕೊಡುತ್ತದೆ, ಬೈಗುಳ ಮಾತ್ರ ಚಳಿಗೆ.

ದೃಷ್ಟಿಯ ಬಗ್ಗೆ ಎರಡು ಮಾತು. ವೈಜಾಗಿನ ಸಂಪತ್ ವಿನಾಯಕನ ಮುಂದೆಯೋ ವಿಜಯವಾಡದ ಕನಕದುರ್ಗೆಯ ಬೆಟ್ಟದಲ್ಲೋ ಗಾಡಿ ಪೂಜೆ ಮಾಡಿಸಿ, ನನ್ನ ತಕರಾರಿಲ್ಲ. ಆದರೆ ಬಾನೆಟ್ ಎತ್ತಿ ಬ್ಯಾಟರಿಗೆ ನಿಂಬೆಹಣ್ಣು ಕಟ್ಟಿದ್ದನ್ನು ಕಣ್ಣಾರೆ ಕಂಡಿದ್ದೇನೆ. ಬಿಸಿಗೆ ಕೊಳೆತು ರಸ ತೊಟ್ಟಿಕ್ಕಿ ಟರ್ಮಿನಲ್ ಸುತ್ತ ಜಿಗುಟು ಹಿಡಿದಿತ್ತು. ಹುಳಿ ಲೋಹವನ್ನು ತಿನ್ನುತ್ತದೆಂದು ತಿಳಿಯಲು ಹಿತ್ತಾಳೆ ಪಾತ್ರೆಯನ್ನು ಹುಣಸೆಹಣ್ಣಿನಲ್ಲಿ ಉಜ್ಜಿದವರಿಗೆ ವಿಜ್ಞಾನದ ಪಾಠ ಬೇಕೆ?

ಹೊಸ ಬ್ಯಾಟರಿ ಕೊಳ್ಳುವ ಮೊದಲು ಸಾಧಾರಣ ಮಲ್ಟಿಮೀಟರ್ ತನ್ನಿ. ಗಾಡಿ ನ್ಯೂಟ್ರಲ್‌ನಲ್ಲಿರಲಿ, ಹ್ಯಾಂಡ್‌ಬ್ರೇಕ್ ಎಳೆದಿರಲಿ. ಒಂದು ಮೊನೆ ಬ್ಯಾಟರಿಯ ಮೈನಸ್ ಕಂಬಕ್ಕೆ, ಇನ್ನೊಂದು ಇಂಜಿನ್ನಿನ ಬರಿಯ ಲೋಹಕ್ಕೆ ಒತ್ತಿ ಹಿಡಿಯಿರಿ. ಮನೆಯವರಿಗೆ ಕೀ ತಿರುಗಿಸಲು ಹೇಳಿ. ಆ ಕ್ಷಣ ಅರ್ಧ ವೋಲ್ಟ್ ದಾಟಿದರೆ ದೋಷ ಅರ್ತ್ ದಾರಿಯದು. ಪಟ್ಟಿ ಬಿಚ್ಚಿ, ಉಜ್ಜಿ, ಬಿಗಿಯಿರಿ, ಇಲ್ಲವೇ ಹೊಸದು ಹಾಕಿಸಿ. ಅಲ್ಲಿ ಎಲ್ಲ ಸರಿಯಿದ್ದೂ ಕೀ ತಿರುಗಿಸಿದಾಗ ಬ್ಯಾಟರಿಯ ಎರಡು ಕಂಬಗಳ ನಡುವೆಯೇ 9.6 ವೋಲ್ಟಿಗಿಂತ ಕೆಳಗಿಳಿದರೆ ಬ್ಯಾಟರಿಯನ್ನು ಚಾರ್ಜ್ ಮಾಡಿಸಿ ಇನ್ನೊಮ್ಮೆ ನೋಡಿ. ಆಗಲೂ ಅಷ್ಟೇ ಆದರೆ ಅದರ ಆಯುಸ್ಸು ಮುಗಿದಿದೆ.

ಗಾಡಿ ಸ್ಟಾರ್ಟ್ ಆದಮೇಲೆ ಕೆಲವೊಮ್ಮೆ ‘ಕಿರ್ರ್’ ಸದ್ದೂ ಬರುತ್ತದೆ. ಬಹುಮಟ್ಟಿಗೆ ಅದು ಡೈನಮೋ ಬೆಲ್ಟು. ಕೈ ದೂರವಿಟ್ಟು ಬೆಲ್ಟಿನ ಮೇಲೆ ತುಸು ನೀರು ಚಿಮುಕಿಸಿ. ಸದ್ದು ಒಂದು ಕ್ಷಣ ಅಡಗಿದರೆ ಪುಲ್ಲಿಗಳು ಸಾಲು ತಪ್ಪಿವೆ. ಇನ್ನೂ ಜೋರಾದರೆ ಬೆಲ್ಟು ಸಡಿಲ. ಬೆಳಿಗ್ಗೆ ಕೆಲವು ಸೆಕೆಂಡು ಟಿಕಟಿಕ ಅಂದು ನಿಂತರೆ ಆಯಿಲ್ ಮೇಲೇರುವವರೆಗಿನ ಸದ್ದು, ಹಳೆಯ ಗಾಡಿಗೆ ಕ್ಷಮೆಯಿದೆ. ವಿಜಯವಾಡದ ಆಟೊನಗರದ ಮೇಸ್ತ್ರಿಗಳು ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನ್ನಿಗೆ, ಹಿಡಿಯನ್ನು ಕಿವಿಯ ಹತ್ತಿರದ ಮೂಳೆಗೆ ಒತ್ತಿ ಇಂಥವನ್ನು ಬೇರ್ಪಡಿಸುತ್ತಾರೆ. ಗಾಳಿಗಿಂತ ಉಕ್ಕು ಮತ್ತು ಮೂಳೆ ಸದ್ದನ್ನು ಚೊಕ್ಕವಾಗಿ ಸಾಗಿಸುತ್ತವೆ. ಆದರೆ ಇಂಜಿನ್ನಿನ ತಳದಿಂದ ದಪ್ಪ ‘ಧಕ್ ಧಕ್’ ಕೇಳಿ, ಮುಂದೆ ಆಯಿಲ್ ದೀಪವೂ ಹೊತ್ತಿದರೆ ಸ್ಕ್ರೂಡ್ರೈವರ್ ಹುಡುಕಬೇಡಿ. ವೈಜಾಗ್-ವಿಜಯವಾಡ ದಾರಿಯ ತುನಿಯಾಗಲಿ ಅನ್ನವರಂ ಆಗಲಿ, ಗಾಡಿಯನ್ನು ಪಕ್ಕಕ್ಕೆ ಹಾಕಿ, ಇಂಜಿನ್ ಆರಿಸಿ ಟೋಯಿಂಗಿಗೆ ಫೋನ್ ಮಾಡಿ.