ನಿಂತಲ್ಲೇ ನಡೆಯುವ ಯಂತ್ರ

ಟ್ರೆಡ್‌ಮಿಲ್ ಎಂಬ ಪದವನ್ನು ಬಿಡಿಸಿ ನೋಡಿದರೆ ಅದರೊಳಗೆ ಒಂದು ತುಳಿತವೂ ಒಂದು ಗಿರಣಿಯೂ ಕಾಣುತ್ತವೆ. ತುಳಿದು ತಿರುಗಿಸುವ ಗಿರಣಿ ಎಂದು ಅದರ ಅರ್ಥ. ಇಂದು ಅಂಗಡಿಗಳಲ್ಲಿ ಮಿರುಗುತ್ತ ನಿಂತಿರುವ, ದೂರದೂರುಗಳಲ್ಲಿರುವ ಮಕ್ಕಳು ವಯಸ್ಸಾದ ತಂದೆತಾಯಿಗಳಿಗೆ ಪ್ರೀತಿಯಿಂದ ಕಳುಹಿಸಲು ಬಯಸುವ ಈ ಯಂತ್ರದ ಪೂರ್ವಾಶ್ರಮ ಸೆರೆಮನೆಯೆಂದರೆ ಕೆಲವರಿಗಾದರೂ ಆಶ್ಚರ್ಯವಾದೀತು.

1818ರ ಸುಮಾರಿಗೆ ಇಂಗ್ಲೆಂಡಿನ ವಿಲಿಯಂ ಕ್ಯೂಬಿಟ್ ಎಂಬ ಎಂಜಿನಿಯರು ಕೈದಿಗಳನ್ನು ಸುಮ್ಮನೆ ಕೂರಗೊಡಬಾರದೆಂದು ಒಂದು ದೊಡ್ಡ ಚಕ್ರವನ್ನು ಯೋಜಿಸಿದನು. ಅದರ ಸುತ್ತಲೂ ಮೆಟ್ಟಿಲುಗಳು. ಕೈದಿ ಮೇಲಿನ ಮೆಟ್ಟಿಲಿಗೆ ಕಾಲಿಟ್ಟರೆ ಅದು ಕೆಳಗಿಳಿಯುವುದು. ಅವನು ಮತ್ತೆ ಹತ್ತಬೇಕು. ದಿನವೆಲ್ಲ ಹತ್ತಿದರೂ ಅವನಿದ್ದಲ್ಲೇ ಇರುವನು. ಕೆಲವು ಸೆರೆಮನೆಗಳಲ್ಲಿ ಆ ಚಕ್ರ ಧಾನ್ಯ ಬೀಸುತ್ತಿತ್ತು, ನೀರೆತ್ತುತ್ತಿತ್ತು. ಕೆಲವೆಡೆ ಬರಿದೇ ತಿರುಗುತ್ತಿತ್ತು. ನಮ್ಮ ಗಾಣದ ಎತ್ತಾದರೂ ಸುತ್ತಿದ್ದಕ್ಕೆ ಎಣ್ಣೆಯನ್ನು ಕೊಟ್ಟಿತು. ಈ ಮನುಷ್ಯರ ಬೆವರಿಗೆ ಆ ಸಾರ್ಥಕತೆಯೂ ಇರಲಿಲ್ಲ. ಡಿಕನ್ಸ್ 1843ರಲ್ಲಿ ಬರೆದ ಕ್ರಿಸ್‌ಮಸ್ ಕಥೆಯಲ್ಲಿ, ಬಡವರಿಗಾಗಿ ಚಂದಾ ಕೇಳಲು ಬಂದವರನ್ನು ಜಿಪುಣ ಸ್ಕ್ರೂಜನು ಈ ಗಿರಣಿ ಇನ್ನೂ ನಡೆಯುತ್ತಿದೆಯಷ್ಟೆ ಎಂದು ವಿಚಾರಿಸುವುದನ್ನು ಓದಿದವರು ಬಲ್ಲರು. 1898ರ ಸೆರೆಮನೆ ಕಾಯಿದೆಯ ತರುವಾಯ ಈ ಶಿಕ್ಷೆ ಆ ದೇಶದಲ್ಲಿ ಕೊನೆಗಂಡಿತು.

ಶಿಕ್ಷೆಯಾಗಿದ್ದುದು ಚಿಕಿತ್ಸೆಯ ಕಡೆಗೆ ತಿರುಗಿದ್ದು ಇಪ್ಪತ್ತನೆಯ ಶತಮಾನದಲ್ಲಿ. ಅಮೆರಿಕದ ಹೃದ್ರೋಗತಜ್ಞ ರಾಬರ್ಟ್ ಬ್ರೂಸ್ ಚಲಿಸುವ ಬೆಲ್ಟಿನ ಮೇಲೆ ರೋಗಿಯನ್ನು ನಡೆಸಿ, ಮೂರು ಮೂರು ನಿಮಿಷಕ್ಕೊಮ್ಮೆ ವೇಗವನ್ನೂ ಏರನ್ನೂ ಹೆಚ್ಚಿಸುತ್ತ ಹೃದಯವನ್ನು ಪರೀಕ್ಷಿಸುವ ಕ್ರಮವನ್ನು ರೂಪಿಸಿದನು. ನಮ್ಮ ಆಸ್ಪತ್ರೆಗಳಲ್ಲಿ ಟಿ.ಎಂ.ಟಿ. ಎಂದು ಕರೆಯುವುದು ಈ ಪರೀಕ್ಷೆಯನ್ನೇ. 1968ರಲ್ಲಿ ಕೆನೆತ್ ಕೂಪರ್ ಎಂಬ ವೈದ್ಯನು ಓಟ ನಡಿಗೆಗಳ ಪ್ರಯೋಜನವನ್ನು ಕುರಿತು ಬರೆದ ಪುಸ್ತಕವನ್ನೋದಿ, ವಿಲಿಯಂ ಸ್ಟೌಬ್ ಎಂಬ ಎಂಜಿನಿಯರು ಸಾಮಾನ್ಯರ ಮನೆಯಲ್ಲಿಟ್ಟುಕೊಳ್ಳಬಹುದಾದ ಯಂತ್ರವನ್ನು ತಯಾರಿಸಿದನು. ಆತ 2012ರಲ್ಲಿ ತೀರಿಕೊಂಡಾಗ ವಯಸ್ಸು 96.

ಇತಿಹಾಸವಿರಲಿ. ನಮ್ಮ ಮುಂದಿರುವ ಪ್ರಶ್ನೆ, ಇದನ್ನು ಮನೆಗೆ ತರಬೇಕೆ ಬೇಡವೆ ಎಂಬುದು. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿರುವಂತೆ ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷಗಳ ಮಧ್ಯಮ ಶ್ರಮ ಬೇಕು. ಮಾತನಾಡಲು ಸಾಧ್ಯ, ಆದರೆ ಹಾಡಲು ಉಸಿರು ಸಾಲದು ಎನ್ನುವಷ್ಟು ಚುರುಕಾದ ನಡಿಗೆ ಮಧ್ಯಮ ಶ್ರಮವೆನಿಸುತ್ತದೆ. ಅರವತ್ತೈದು ದಾಟಿದವರು ಇದರ ಜೊತೆಗೆ ಸ್ನಾಯುಗಳ ಬಲಕ್ಕೂ, ಬೀಳದಂತೆ ಸಮತೋಲ ಕಾಯ್ದುಕೊಳ್ಳುವುದಕ್ಕೂ ಅಭ್ಯಾಸ ಮಾಡಬೇಕೆಂದು ಅದೇ ಸಂಸ್ಥೆ ಸೂಚಿಸಿದೆ. ಯಂತ್ರ ಮೊದಲನೆಯದನ್ನು ಚೆನ್ನಾಗಿ ಒದಗಿಸಬಲ್ಲದು. ಸಮತಟ್ಟಾದ ಬೆಲ್ಟಿನ ಮೇಲೆ, ಅದರಲ್ಲಿಯೂ ಕಂಬಿಯನ್ನು ಬಿಗಿಯಾಗಿ ಹಿಡಿದು ನಡೆಯುವವರಿಗೆ ಉಳಿದೆರಡು ಅಷ್ಟಾಗಿ ದೊರೆಯವು. ಕಂಬಿ ಹಿಡಿದರೆ ದೇಹದ ಭಾರದಲ್ಲಿ ಒಂದು ಪಾಲು ಕೈಗೆ ಹೋಗಿ ಶ್ರಮವೂ ಕಡಿಮೆಯಾಗುತ್ತದೆ. ಯಂತ್ರದ ಗಾಜಿನ ಮೇಲೆ ಮೂಡುವ ಕ್ಯಾಲೊರಿಯ ಅಂಕಿಯನ್ನು ಆಗ ನಂಬುವಂತಿಲ್ಲ.

ನಮ್ಮ ಮನೆಯಲ್ಲಿಯೂ ಈ ಪ್ರಶ್ನೆ ಎದ್ದಿತು. ನನ್ನ ಪತ್ನಿಗೆ ಹಲವು ವರ್ಷಗಳಿಂದ ಸಕ್ಕರೆ ಕಾಯಿಲೆ. ನಡಿಗೆ ತಪ್ಪಿದರೆ ಕಣ್ಣಿಗೂ ಕಾಲಿಗೂ ಅಪಾಯವೆಂದು ವೈದ್ಯರು ಸ್ಪಷ್ಟವಾಗಿಯೇ ಎಚ್ಚರಿಸಿದ್ದರು. ಪುಣೆಯಲ್ಲಿರುವ ಮಗ ಯಂತ್ರವನ್ನು ಕಳುಹಿಸಿಯೇ ಬಿಡುತ್ತೇನೆಂದನು. ಆಕೆ ಮಾತ್ರ, “ನಡೆದು ಎಲ್ಲಿಗೂ ಹೋಗದೆ ಇದ್ದರೆ ಅದು ನಡಿಗೆ ಹೇಗಾಗತ್ತೆ ಅಂದ್ರೆ?” ಎಂದು ಕೇಳಿದಳು. ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ಆಕೆಗೆ ಗೆಳತಿಯರಿದ್ದಾರೆ, ಹಕ್ಕಿಗಳಿವೆ, ಹಿಂತಿರುಗುವಾಗ ಹೂ ಮಾರುವವಳೊಡನೆ ನಾಲ್ಕು ಮಾತಿದೆ. ಇವು ವೈದ್ಯರ ಚೀಟಿಯಲ್ಲಿ ಬರೆಯದ ಔಷಧಗಳು.

ಇಬ್ಬರ ಮಾತೂ ಸರಿಯಾಗಿದ್ದಾಗ ಲೆಕ್ಕವೇ ತೀರ್ಪು ಹೇಳಬೇಕು. ಒಂದು ತಿಂಗಳು ಗೋಡೆಯ ಕ್ಯಾಲೆಂಡರಿನಲ್ಲಿ ನಡೆದ ದಿನಗಳನ್ನೂ ತಪ್ಪಿದ ದಿನಗಳನ್ನೂ, ತಪ್ಪಿದ್ದಕ್ಕೆ ಕಾರಣವನ್ನೂ ಗುರುತು ಹಾಕಿದೆವು. ಮೂವತ್ತರಲ್ಲಿ ಹನ್ನೆರಡು ದಿನ ತಪ್ಪಿತ್ತು. ಎಂಟು ದಿನ ಮಳೆ, ಬೀದಿನಾಯಿ, ಕತ್ತಲೆ. ನಾಲ್ಕು ದಿನ ನೆಂಟರು, ಧಾರಾವಾಹಿ ಮತ್ತು ಬರಿಯ ಬೇಸರ. ಯಂತ್ರ ಆ ಎಂಟು ದಿನಗಳನ್ನು ನಮಗೆ ಮರಳಿಸಬಲ್ಲದು; ಈ ನಾಲ್ಕನ್ನು ಎಷ್ಟು ಹಣ ಸುರಿದರೂ ಮರಳಿಸಲಾರದು. ಕೊಳ್ಳಬೇಕೆನ್ನುವವರು ಮೊದಲು ಈ ಪಟ್ಟಿಯನ್ನು ಮಾಡಿಕೊಳ್ಳುವುದು ಮೇಲು. ಕಾರಣಗಳು ಹೊರಗಿನವಾದರೆ ಯಂತ್ರ ಉಪಕಾರಿ. ಒಳಗಿನವಾದರೆ ಅದು ಕೆಲವು ತಿಂಗಳಲ್ಲಿ ಒದ್ದೆ ಬಟ್ಟೆ ಹರವುವ ಕಂಬಿಯಾಗುತ್ತದೆ.

ಕೊಳ್ಳುವುದೇ ಆದರೆ ಗಮನಿಸಬೇಕಾದ ಸಂಗತಿಗಳು ಕೆಲವಿವೆ. ಮೋಟಾರಿನ ಅಶ್ವಶಕ್ತಿಯನ್ನು ಎರಡು ಬಗೆಯಾಗಿ ಹೇಳುತ್ತಾರೆ. ಕ್ಷಣಕಾಲ ಮುಟ್ಟುವ ಗರಿಷ್ಠ ಶಕ್ತಿ ಒಂದು, ಎಡೆಬಿಡದೆ ಕೊಡುವ ಶಕ್ತಿ ಇನ್ನೊಂದು, ಕೇಳಬೇಕಾದದ್ದು ಎರಡನೆಯದನ್ನು. ಬೆಲ್ಟಿನ ಉದ್ದಗಲ ನಮ್ಮ ಹೆಜ್ಜೆಗೆ ಸಾಲುವಂತಿರಬೇಕು. ಓಡುವವರಿಗೆ ನಡೆಯುವವರಿಗಿಂತ ಉದ್ದನೆಯದು ಬೇಕು. ಯಂತ್ರದ ಹಿಂಬದಿಯಲ್ಲಿ ಎರಡು ಮೀಟರು ಖಾಲಿ ಜಾಗವಿರಲಿ, ಜಾರಿದವರು ಗೋಡೆಗೆ ಸಿಕ್ಕಿಕೊಳ್ಳಬಾರದು. ಬಟ್ಟೆಗೆ ಸಿಕ್ಕಿಸಿಕೊಳ್ಳುವ ಸುರಕ್ಷಾ ಕೀಲಿಯನ್ನು ಮರೆಯಬಾರದು. ಅದು ಕಳಚಿದೊಡನೆ ಬೆಲ್ಟು ನಿಲ್ಲುತ್ತದೆ. ಸೀರೆಯುಡುವವರು ಸೆರಗು ನೆರಿಗೆಗಳ ವಿಚಾರದಲ್ಲಿ ಎಚ್ಚರವಾಗಿರಬೇಕು. ಸಕ್ಕರೆ ಕಾಯಿಲೆಯವರು ಬರಿಗಾಲಲ್ಲಿ ಹತ್ತಲೇಬಾರದು. ಸ್ಪರ್ಶ ಮಂದವಾದ ಪಾದಕ್ಕೆ ಉಜ್ಜಿದ ಗಾಯ ತಿಳಿಯುವುದಿಲ್ಲ. ಎದೆನೋವು, ತಲೆಸುತ್ತು ಇದ್ದವರು ವೈದ್ಯರನ್ನು ಕೇಳದೆ ಆರಂಭಿಸಬಾರದು. ಮೊಮ್ಮಕ್ಕಳಿರುವ ಮನೆಯಲ್ಲಂತೂ ಕೀಲಿಯನ್ನು ತೆಗೆದು ಬೀರುವಿನಲ್ಲಿಡಬೇಕು. 2021ರಲ್ಲಿ ಒಂದು ಮಗುವಿನ ಸಾವಿನ ತರುವಾಯ ಅಮೆರಿಕದ ಸಂಸ್ಥೆಯೊಂದು ಒಂದು ಲಕ್ಷಕ್ಕೂ ಮೀರಿದ ಯಂತ್ರಗಳನ್ನು ಹಿಂದಕ್ಕೆ ಕರೆಯಬೇಕಾಯಿತು.

ನಮ್ಮ ವಚನಕಾರರು ಸ್ಥಾವರ, ಜಂಗಮ ಎಂಬ ಎರಡು ಪದಗಳಿಗೆ ಆಳವಾದ ಅರ್ಥವನ್ನು ಕೊಟ್ಟವರು. ಈ ಯಂತ್ರದ ಮೇಲಿರುವ ಮನುಷ್ಯನನ್ನು ಯಾವುದರಲ್ಲಿ ಸೇರಿಸೋಣ? ಕಾಲು ಜಂಗಮ, ನೆಲೆ ಸ್ಥಾವರ. ರಕ್ತನಾಳಗಳಿಗೆ ಈ ವ್ಯತ್ಯಾಸ ತಿಳಿಯದು; ಕೂಡಿಸಿದ ನಿಮಿಷಗಳನ್ನಷ್ಟೇ ಅವು ಎಣಿಸುತ್ತವೆ. ಮನಸ್ಸಿಗೆ ಮಾತ್ರ ತಿಳಿಯುತ್ತದೆ. ಎರಡಕ್ಕೂ ನ್ಯಾಯ ದೊರೆಯಲೆಂದು ನಾವು ಕೊಳ್ಳದೆ, ಮಳೆಗಾಲದ ತಿಂಗಳುಗಳಿಗೆ ಮಾತ್ರ ಯಂತ್ರವೊಂದನ್ನು ಬಾಡಿಗೆಗೆ ತಂದೆವು. ಮಳೆ ಬಂದ ಸಂಜೆ ಮನೆಯೊಳಗಿನ ಗಿರಣಿ, ಬಾನು ತಿಳಿಯಾದ ಮುಂಜಾನೆ ಕೆರೆಯ ಏರಿ. ಸಕ್ಕರೆ ಈಗ ಹಿಡಿತದಲ್ಲಿದೆ. ಹೂ ಮಾರುವವಳ ಪರಿಚಯವೂ ಉಳಿದಿದೆ.